ಮಾವ್ಶಿಯ ಜತೆ ನಾನೂ ಕೂತ ನಾಲ್ಕು ಶನಿವಾರ: ಪುಣೆಯ ಡಿಮೆನ್ಷಿಯಾ ತರಬೇತಿ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಡೆಯಿಂದ 5ಕ್ಕೆ ಮೂರೂವರೆ. ಆ ಮೂರೂವರೆ ಎಲ್ಲಿ ಬಂತು, ಉಳಿದ ಒಂದೂವರೆ ಎಲ್ಲಿ ಹೋಯ್ತು ಅನ್ನೋದು ಸ್ವಲ್ಪ ಉದ್ದ ಕತೆ.

ಕರ್ವೆ ರಸ್ತೆಯ ಕಡೆ ಒಂದು ಟ್ರಸ್ಟ್ ಇದೆ. ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಕೆಲಸದವರಿಗೆ, ಅವರ ಜತೆ ಹೇಗೆ ಮಾತಾಡಬೇಕು ಅಂತ ಹೇಳಿಕೊಡುತ್ತಾರೆ. ನಾಲ್ಕು ಶನಿವಾರ, ಬೆಳಗ್ಗೆ 10ರಿಂದ ಒಂದೂವರೆ ತನಕ. ಒಬ್ಬರಿಗೆ 1,800 ರೂಪಾಯಿ. ಮನೆಯವರೂ ಬರಬಹುದು. ಅವ್ವನನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬರುವ ಮಾವ್ಶಿಯನ್ನು (ಮರಾಠಿಯಲ್ಲಿ ಅಂದರೆ ಚಿಕ್ಕಮ್ಮ, ಈ ಕೆಲಸದ ಹೆಂಗಸರನ್ನು ಇಲ್ಲಿ ಹೀಗೇ ಕರೆಯುವುದು) ಕರೆದುಕೊಂಡು ಹೋದೆ, ನಾನೂ ಕೂತೆ. ಟ್ರಸ್ಟಿನ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಕೆಲವು ದೂರುಗಳ ಬಗ್ಗೆ ಇನ್ನೂ ಅವರ ಜತೆ ಮಾತು ನಡೆದಿದೆ.

ಅವ್ವನಿಗೆ 79. ನವಲಗುಂದದ ಕಡೆಯವಳು. 2016ರಲ್ಲಿ ಅಪ್ಪ ಹೋದ ಮೇಲೆ ಪುಣೆಗೆ ನಮ್ಮ ಹತ್ತಿರ ಬಂದಳು. ಬಂದ ಹೊಸದರಲ್ಲಿ ಚೆನ್ನಾಗಿಯೇ ಇದ್ದಳು, ಎರಡು ವರ್ಷದಲ್ಲಿ ಮರಾಠಿ ಕಲಿತು ಮೆಂತ್ಯೆ ಸೊಪ್ಪಿನವನ ಹತ್ತಿರ ಚೌಕಾಸಿ ಮಾಡುವಷ್ಟು ಆಗಿದ್ದಳು. ಆಮೇಲೆ ಒಂದೊಂದೇ ಶುರುವಾಯ್ತು. ಹಾಲು ಉಕ್ಕಿ ಒಲೆ ಆರಿದರೂ ಗೊತ್ತಾಗದೆ ನಿಂತಿರುವುದು, ಚಿನ್ನದ ಬಳೆ ಅಕ್ಕಿ ಡಬ್ಬಿಯಲ್ಲಿ ಸಿಗುವುದು. ಊರಿನವರು ಫೋನಿನಲ್ಲಿ 'ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಇಕಿಗೆ ತಡಾ ಆಗೇತಿ ಅಷ್ಟ' ಅಂದರು. 2021ರಲ್ಲಿ ಡಾಕ್ಟರು ಆಲ್ಜೈಮರ್ಸ್ ಅಂದರು. ಮೊದಲು ಹೋಗಿದ್ದು ಮರಾಠಿ. ಬೇರೆ ಬೇರೆ ಭಾಷೆ ಬರುವವರಲ್ಲಿ ಕೊನೆಗೆ ಕಲಿತದ್ದು ಮೊದಲು ಜಾರುವುದು ಜಾಸ್ತಿ ಕಾಣುತ್ತದಂತೆ. ಈಗ ಅವ್ವನ ಹತ್ತಿರ ಉಳಿದಿರುವುದು ಊರಿನ ಕನ್ನಡ ಒಂದೇ, ಅದೂ ತುಂಡು ತುಂಡು.

ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಹಾಗಾಗಿ ಬ್ಯೂರೋ. ಪುಣೆ, ಮುಂಬೈ ಕಡೆ ಇರುವವರಿಗೆ ಇದು ಗೊತ್ತೇ ಇರುತ್ತದೆ. ಫೋನ್ ಮಾಡಿದರೆ ಬ್ಯೂರೋದವರು ಯಾರನ್ನಾದರೂ ಕಳಿಸುತ್ತಾರೆ, 12 ತಾಸಿನ ಡ್ಯೂಟಿ, ದಿನಕ್ಕೆ 800 ರೂಪಾಯಿ, ಅದರಲ್ಲಿ ಅವರ ಕಮಿಷನ್. ಎಂಟು ತಿಂಗಳಲ್ಲಿ ನಮ್ಮ ಮನೆಗೆ ಐದು ಜನ ಬಂದು ಹೋದರು. ಕೆಲಸದಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬ ಹುಡುಗಿ ಕೋರ್ಸ್ ಮಾಡಿ ಸರ್ಟಿಫಿಕೇಟ್ ಇಟ್ಟುಕೊಂಡೇ ಬಂದಿದ್ದಳು. ಬಿಪಿ ನೋಡುವುದು, ಮಗ್ಗುಲು ತಿರುಗಿಸುವುದು, ಡೈಪರ್, ಎಲ್ಲ ಒಳ್ಳೇ ಚುರುಕು. ಆದರೆ ಬೆಳಗ್ಗೆ ಬಂದವಳೇ ಹಾಸಿಗೆಯ ಹಿಂದಿನಿಂದ ಬಗ್ಗಿ ಕಿವಿಯ ಹತ್ತಿರ ಜೋರಾಗಿ 'ಆಜೀ! ಮಲಾ ಓಳಖಲಂ ಕಾ? ಜೇವಣ ಝಾಲಂ ಕಾ? ಪಾಣಿ ಪಾಹಿಜೆ ಕಾ?' ನನ್ನ ಗುರುತು ಸಿಕ್ಕಿತಾ, ಊಟ ಆಯ್ತಾ, ನೀರು ಬೇಕಾ, ಮೂರೂ ಒಂದೇ ಉಸಿರಿಗೆ. ಅವ್ವ ಸೀರೆಯ ಸೆರಗು ಬಾಯಿಗೆ ಇಟ್ಟುಕೊಂಡು ನನ್ನ ಕಡೆ ನೋಡಿ ಕೇಳಿದಳು, 'ತಮ್ಮಾ, ಈಕಿ ಯಾಕ ನನಗ ಬೈಯಾಕತ್ತಾಳ?'

ಆ ಹುಡುಗಿ ಪ್ರೀತಿಯಿಂದಲೇ ಕೇಳಿದ್ದಳು, ಪಾಪ.

ಆರನೆಯವರು ಈಗಿನ ಮಾವ್ಶಿ. ಐವತ್ತರ ಹತ್ತಿರ ವಯಸ್ಸು, ಸಾತಾರಾ ಕಡೆಯವರು, ಏಳನೇ ಕ್ಲಾಸ್ ತನಕ ಓದಿದ್ದಾರೆ. ಇವರು ನಿಲ್ಲುತ್ತಾರೆ ಅನ್ನಿಸಿದ ಮೇಲೆ ತರಬೇತಿಗೆ ಹೆಸರು ಕೊಟ್ಟೆ.

ಮೊದಲ ಶನಿವಾರ ನನಗೆ ಸಿಟ್ಟೇ ಬಂತು. ಹಾಲಿನಲ್ಲಿ 30ಕ್ಕೂ ಜಾಸ್ತಿ ಜನ, ಮುಕ್ಕಾಲು ಪಾಲು ಮಾವ್ಶಿಯರು, ನಾಲ್ಕೈದು ಹುಡುಗರು. ಪರದೆಯ ಮೇಲೆ ಇಂಗ್ಲಿಷಿನ ಸ್ಲೈಡು. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅನ್ನೋ ಲೆಕ್ಕ, ಮಿದುಳಿನ ಬಣ್ಣದ ಚಿತ್ರ, ಅದರ ಭಾಗಗಳ ಹೆಸರು. ಡಿಮೆನ್ಷಿಯಾ ಅನ್ನೋದು ಒಂದು ರೋಗವಲ್ಲ, ಲಕ್ಷಣಗಳ ಗುಂಪು, ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಆಲ್ಜೈಮರ್ಸ್ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಅಂತ ಬಾಯಲ್ಲಿ ಮರಾಠಿಯಲ್ಲಿ ಹೇಳಿದರು, ಅದು ಸರಿ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಬಸ್ಸು ಹಿಡಿದು ಬಂದವರಿಗೆ ಇಂಗ್ಲಿಷ್ ಸ್ಲೈಡು ಯಾಕೆ? ನಮ್ಮ ಮಾವ್ಶಿ ಎರಡು ಸಲ ತೂಕಡಿಸಿದರು. ನಾನೂ ಒಂದು ಸಲ.

ಆ ದಿನದಲ್ಲಿ ನೆನಪು ಉಳಿದಿದ್ದು ಒಂದೇ ಕತೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಒಬ್ಬ ಹೆಂಗಸನ್ನು ಸೇರಿಸುತ್ತಾರೆ, ಹೆಸರು ಆಗುಸ್ಟೆ ಡೇಟರ್. ಡಾಕ್ಟರ್ ಆಲೋಯಿಸ್ ಆಲ್ಜೈಮರ್ ಕೂತು ಅವಳಿಗೆ ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳುತ್ತಾನೆ. ಹೆಸರೇನು, ಗಂಡನ ಹೆಸರೇನು, ಈಗ ಏನು ತಿನ್ನುತ್ತಿದ್ದೀರಿ. ತನ್ನ ಹೆಸರು ಬರೆಯಲು ಹೋಗಿ ಆಗದೆ, ನನ್ನನ್ನೇ ನಾನು ಕಳೆದುಕೊಂಡಿದ್ದೇನೆ ಅಂದಳಂತೆ. 1906ರಲ್ಲಿ ಆತ ಇದನ್ನು ಬೇರೆ ಡಾಕ್ಟರುಗಳ ಮುಂದೆ ಇಟ್ಟ. ಟ್ರೇನರ್ ಮೇಡಂ ಕತೆ ಮುಗಿಸಿ, 'ಡಾಕ್ಟರ್ ಪ್ರಶ್ನೆ ಕೇಳಬೇಕು, ಅದು ಅವರ ಕೆಲಸ. ನೀವು ಯಾಕೆ ದಿನಾ ಪರೀಕ್ಷೆ ತಗೊಳ್ತೀರಿ?' ಅಂದರು. ನಾನು ತಲೆ ತಗ್ಗಿಸಿದೆ. ಪ್ರತಿ ದಿನ ಆಫೀಸಿನಿಂದ ಬಂದು ನಾನು ಮಾಡುತ್ತಿದ್ದ ಮೊದಲ ಕೆಲಸ, ಅವ್ವನ ಎದುರು ನಿಂತು 'ನಾ ಯಾರು ಹೇಳು ನೋಡೋಣ' ಅನ್ನುವುದು. ಬಂದ ನೆಂಟರೂ ಇದನ್ನೇ ಕೇಳುವುದು, ಅಲ್ವಾ?

ಎರಡನೇ ಶನಿವಾರ ಬೇರೆಯೇ ಇತ್ತು. ದುಡ್ಡು ವಸೂಲಾಗಿದ್ದು ಇಲ್ಲಿ.

ಮೇಡಂ ಕೇಳಿದರು, ಇಲ್ಲಿ ಯಾರಿಗೂ ಗೊತ್ತಿಲ್ಲದ ಭಾಷೆ ಯಾರಿಗೆ ಬರುತ್ತದೆ? ನಾನು ಕೈ ಎತ್ತಿದೆ. ಮುಂದೆ ಕರೆದು, ಈ ಮಾವ್ಶಿಗೆ ಎರಡು ನಿಮಿಷ ಕನ್ನಡದಲ್ಲಿ ಕೆಲಸ ಹೇಳಿ, ಕೈ ಆಡಿಸಬೇಡಿ, ನಗಬೇಡಿ ಅಂದರು. ಎದುರಿಗೆ ಕೂತಿದ್ದವರು ಯಾವುದೋ ಬೇರೆ ಮನೆಯ ಮಾವ್ಶಿ. ನಾನು ಅವರ ಹಿಂದೆ ನಿಂತು, 'ಆ ಬ್ಯಾಗ್ ಕೆಳಗಿಡಿ, ಎದ್ದು ಕಿಟಕಿ ಹತ್ತಿರ ಹೋಗಿ ನಿಲ್ಲಿ, ಆಮೇಲೆ ಬಾಗಿಲು ಮುಚ್ಚಿ' ಅಂದೆ. ಆ ಹೆಂಗಸು ಗಬಕ್ಕನೆ ತನ್ನ ಬ್ಯಾಗನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದುಕೊಂಡರು. ನಾನು ಇನ್ನೊಂದು ಸಲ ಹೇಳಿದೆ, ಗೊತ್ತಾಗಲಿ ಅಂತ ಸ್ವಲ್ಪ ಜೋರಾಗಿ. ಬ್ಯಾಗ್ ಇನ್ನೂ ಬಿಗಿಯಾಯ್ತು. ಅರ್ಧ ಹಾಲು ನಗುತ್ತಿತ್ತು, ಆದರೆ ಅವರು ನಗುತ್ತಿರಲಿಲ್ಲ.

ಅಷ್ಟು ಮಾತಿನಲ್ಲಿ ಅವರಿಗೆ ತಿಳಿದಿದ್ದು ಬ್ಯಾಗ್ ಅನ್ನೋ ಒಂದೇ ಶಬ್ದ. ಯಾರೋ ಗಂಡಸು ಬೆನ್ನ ಹಿಂದೆ ನಿಂತು, ಏರಿದ ದನಿಯಲ್ಲಿ, ತನ್ನ ಬ್ಯಾಗಿನ ಬಗ್ಗೆ ಏನೋ ಹೇಳುತ್ತಿದ್ದಾನೆ. ಹಿಡಿದುಕೊಳ್ಳದೆ ಇನ್ನೇನು ಮಾಡುತ್ತಾರೆ? ಮೇಡಂ ಅಂದರು, 'ನಿಮ್ಮ ಆಜಿಗೂ ಹತ್ತು ಶಬ್ದದಲ್ಲಿ ಒಂದು ಕೇಳಿಸುತ್ತದೆ. ಅವರು ಬ್ಲೌಸಿನ ತುದಿ ಹಿಡಿದುಕೊಂಡು ಬಿಡದೇ ಇದ್ದಾಗ ಹಟಮಾರಿ ಅಂತ ಬರೀತೀರಿ.'

ಆಮೇಲೆ ಮತ್ತೆ ಮಾಡಿಸಿದರು. ಈ ಸಲ ನಾನು ಎದುರಿಗೆ ಬಂದೆ, ಮಂಡಿಯೂರಿ ಅವರ ಕಣ್ಣಿನ ಮಟ್ಟಕ್ಕೆ ಕೂತೆ, ಕೈ ಮುಗಿದೆ, ನಕ್ಕೆ, ಒಂದೇ ಮಾತು: 'ಬನ್ನಿ.' ಕಿಟಕಿ ತೋರಿಸಿ ಕೈ ಚಾಚಿದೆ. ಮನಸ್ಸಿನಲ್ಲಿ ಹತ್ತು ಎಣಿಸಿ ಅಂದಿದ್ದರು. ಹತ್ತು ಅನ್ನೋದು ಎಷ್ಟು ಉದ್ದ ಅಂತ ಸುಮ್ನೆ ಒಬ್ಬರ ಮುಖ ನೋಡಿಕೊಂಡು ಎಣಿಸಿದವರಿಗೇ ಗೊತ್ತು. ಏಳಕ್ಕೋ ಎಂಟಕ್ಕೋ ಅವರು ಎದ್ದರು. ಬ್ಯಾಗ್ ಮಾತ್ರ ಬಿಡಲಿಲ್ಲ!

ಇದೇ ಪಾಠವನ್ನು ಸ್ನಾನಕ್ಕೆ ಹೇಗೆ ಹಚ್ಚುವುದು ಅಂತ ಮೂರನೇ ವಾರ. ಎದುರಿನಿಂದಲೇ ಬರಬೇಕು, ಪಕ್ಕದ ನೋಟ ಕಡಿಮೆ ಆಗಿರುತ್ತದೆ. ಅವರ ಕೈಯನ್ನು ಮೇಲಿಂದ ಹಿಡಿದು ಎಳೆಯಬಾರದು, ನಮ್ಮ ಕೈ ಅವರ ಕೈಯ ಕೆಳಗೆ ಇರಬೇಕು, ಆಗ ಕೆಲಸ ಅವರೇ ಮಾಡಿದ ಹಾಗಿರುತ್ತದೆ. ಅಮೆರಿಕದ ಟೀಪಾ ಸ್ನೋ ಅನ್ನುವವರು ಇದನ್ನು ಕಲಿಸುತ್ತಾರಂತೆ. ನೀರು ತಲೆಯಿಂದಲ್ಲ, ಪಾದದಿಂದ. ಮೈಮೇಲೆ ಟವೆಲ್ ಇರಲಿ. ನಮ್ಮ ಮನೆಯಲ್ಲಿ ಒಂದೂವರೆ ವರ್ಷದಿಂದ ಸ್ನಾನ ಅಂದರೆ ಯುದ್ಧ. ನಾನು ಹಳೆಯ ಬಾತ್‌ರೂಮ್ ಒಡೆಸಿ ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿದ್ದೆ, ದೊಡ್ಡ ಖರ್ಚು. ಮಾವ್ಶಿ ಅದನ್ನು ಮೂಲೆಗೆ ಸಿಕ್ಕಿಸಿ, ಬಕೆಟ್ಟು ಮತ್ತು ಅವ್ವನ ಹಳೇ ಹಿತ್ತಾಳೆ ತಂಬಿಗೆ ತಂದಿಟ್ಟರು. ತಂಬಿಗೆಯ ಕಂಠಕ್ಕೆ ಅವ್ವನ ಕೈ ತಾನೇ ಹೋಯ್ತು. ಕೆಳಗಿನಿಂದ ಮಾವ್ಶಿಯ ಕೈ. ಮೊದಲ ತಂಬಿಗೆ ಕಾಲ ಮೇಲೆ, ಎರಡನೆಯದು ಮಂಡಿಯ ಮೇಲೆ, ಮೂರನೆಯದಕ್ಕೆ ಅವ್ವ ತಾನೇ 'ಹರ ಹರಾ' ಅಂತ ಭುಜದ ಮೇಲೆ ಹುಯ್ದುಕೊಂಡಳು. ಪ್ರತಿದಿನ ಹೀಗೇ ಆಗುತ್ತದೆ ಅಂತ ತಿಳಿಯಬೇಡಿ, ವಾರದಲ್ಲಿ ನಾಲ್ಕು ದಿನ ಆಗುತ್ತದೆ. ಮೊದಲು ಒಂದು ದಿನವೂ ಆಗುತ್ತಿರಲಿಲ್ಲ.

ಮನೆಗೆಲಸ ಅಂತ ಕೊಟ್ಟಿದ್ದು ಶಬ್ದಗಳ ಪಟ್ಟಿ. ಪೇಷಂಟಿನ ಭಾಷೆಯ ಹತ್ತು ಶಬ್ದ ಬರೆದುಕೊಂಡು ಬನ್ನಿ ಅಂದರು. ನಾನು ದೇವನಾಗರಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ: ಬಾ, ಕೂಡು, ನೀರು, ಊಟ, ಸಾಕು, ಬಚ್ಚಲು, ನೋವು... ಎಲ್ಲ ನಡೆಯಿತು, 'ನೋವು' ನಡೆಯಲಿಲ್ಲ. ಮಾವ್ಶಿ 'ನೋವು? ನೋವು?' ಅಂದರೆ ಅವ್ವ ಸುಮ್ನೆ ನೋಡುವಳು. ಮೂರು ದಿನ ಆದಮೇಲೆ ನನಗೆ ಹೊಳೆಯಿತು, ಅವ್ವ ಜೀವನದಲ್ಲಿ ನೋವು ಅಂದವಳೇ ಅಲ್ಲ. ಅವಳಿಗೆ ಅದು ಬ್ಯಾನಿ. ತಲಿ ಬ್ಯಾನಿ, ಹೊಟ್ಟಿ ಬ್ಯಾನಿ. ಪಟ್ಟಿಯಲ್ಲಿ ಹೊಡೆದು ತಿದ್ದಿದೆ. ಮಾವ್ಶಿ ಹೊಟ್ಟೆ ಮುಟ್ಟಿ 'ಬ್ಯಾನಿ?' ಅಂದರೆ ಅವ್ವ 'ಇಲ್ಲವಾ' ಅಂತಾಳೆ.

ಈ ಒಂದು ಶಬ್ದಕ್ಕೇ 1,800 ಕೊಡಬಹುದಿತ್ತು. ಯಾಕೆ ಅಂದರೆ, ಕೋರ್ಸಿನಲ್ಲಿ ಒಂದು ಮಾತು ನಾಲ್ಕೂ ವಾರ ಹೇಳಿದ್ದರು. ಡಿಮೆನ್ಷಿಯಾ ನಿಧಾನವಾಗಿ ಇಳಿಯುವ ಮೆಟ್ಟಿಲು. ಒಂದೆರಡು ದಿನದಲ್ಲಿ ಮನುಷ್ಯ ಪೂರ್ತಿ ಬದಲಾದರೆ ರೋಗ ಜಾಸ್ತಿಯಾಯ್ತು ಅಂತ ಕೂರಬೇಡಿ, ಮೂತ್ರದ ಸೋಂಕು, ಮಲಬದ್ಧತೆ, ಎಲ್ಲಾದರೂ ನೋವು, ಹೊಸ ಮಾತ್ರೆ, ಏನೋ ಒಂದು ಇರುತ್ತದೆ, ಡಾಕ್ಟರಿಗೆ ತೋರಿಸಿ. ನವೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ಮಾವ್ಶಿ ಆಫೀಸಿಗೆ ಫೋನ್ ಮಾಡಿದರು. 'ದಾದಾ, ಆಜಿ ಇವತ್ತು ಬೇರೆ ಥರ ಇದ್ದಾರೆ. ಗೋಡೆ ಜತೆ ಮಾತಾಡುತ್ತಾರೆ. ಕಿಬ್ಬೊಟ್ಟೆ ಮುಟ್ಟಿ ಬ್ಯಾನಿ ಅಂದೆ, ಕೈ ಹಿಡಿದುಕೊಂಡರು.' ಸಂಜೆಯೇ ಪರೀಕ್ಷೆ ಮಾಡಿಸಿದೆವು, ಮೂತ್ರದ ಸೋಂಕು. ಆ್ಯಂಟಿಬಯೋಟಿಕ್ ಶುರುವಾಗಿ ನಾಲ್ಕು ದಿನಕ್ಕೆ ಅವ್ವ ಗೋಡೆ ಬಿಟ್ಟು ನಮ್ಮ ಜತೆ ಮಾತಾಡಿದಳು. ಮೊದಲಿನ ಐದು ಜನರಲ್ಲಿ ಯಾರಾದರೂ ಇದ್ದಿದ್ದರೆ, ಅಥವಾ ನಾನೇ ಇದ್ದಿದ್ದರೂ, 'ಕಾಯಿಲೆ ಏರಿತು' ಅಂದುಕೊಂಡು ನಿದ್ದೆ ಮಾತ್ರೆ ಕೇಳಲು ಹೋಗುತ್ತಿದ್ದೆವು.

ಇನ್ನು ತಕರಾರು. ಸಂಜೆ ಆದರೆ ಅವ್ವನದು ಒಂದೇ ಮಾತು. 'ಹೊತ್ತು ಮುಳುಗಾಕತ್ತೈತಿ, ಮನಿಗೆ ಹೋಗೂಣು ನಡಿ, ಆಕಳ ಬಂದು ನಿಂತಿರತಾವ.' ಮೊದಲೆಲ್ಲ ನಾನು 'ಇದೇ ಮನೆ ಅವ್ವಾ, ನಾವು ಪುಣೆಯಲ್ಲಿದ್ದೇವೆ, ಆಕಳು ಮಾರಿ ಇಪ್ಪತ್ತು ವರ್ಷ ಆಯ್ತು' ಅಂತ ವಾದ ಮಾಡುತ್ತಿದ್ದೆ. ವಾದದಲ್ಲಿ ಗೆಲ್ಲುತ್ತಿದ್ದೆ, ಆದರೆ ರಾತ್ರಿ ಹನ್ನೊಂದರ ತನಕ ಅವ್ವ ಬಾಗಿಲ ಚಿಲಕ ಎಳೆಯುವಳು. ತಿದ್ದಬೇಡಿ ಅಂದರು ಮೇಡಂ, ಇದು ಸರಿ. ಅದರ ಜತೆಗೆ, 'ಅವರಿಗೆ ಸಮಾಧಾನ ಆಗುವ ಏನಾದರೂ ಸುಳ್ಳು ಹೇಳಿ, ಪರವಾಗಿಲ್ಲ' ಅಂತಲೂ ಅಂದರು. ಇಲ್ಲಿ ನನ್ನ ಒಪ್ಪಿಗೆ ಇಲ್ಲ.

ಒಂದು ಸಂಜೆ ಅವ್ವ 'ನಿಮ್ಮಪ್ಪ ಎಲ್ಲಿ?' ಅಂದಳು. ಪಾಠ ನೆನಪಾಗಿ 'ಪ್ಯಾಟಿಗೆ ಹೋಗ್ಯಾರ, ಬರತಾರ' ಅಂದೆ. ಅವ್ವ ಖುಷಿಯಾದಳು. ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ಊಟಕ್ಕೆ ಕರೆದರೆ 'ಅವರು ಬರಲಿ' ಅಂದಳು. ಎಂಟು ಆಯ್ತು, ಒಂಬತ್ತು ಆಯ್ತು. ಲಿಫ್ಟಿನ ಸದ್ದಾದಾಗಲೆಲ್ಲ ಸೆರಗು ಸರಿ ಮಾಡಿಕೊಂಡಳು. ಆ ರಾತ್ರಿ ಅವಳೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.

ಮುಂದಿನ ಶನಿವಾರ ಇದನ್ನು ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ, 'ಒಂದೊಂದು ಪೇಷಂಟಿಗೆ ಒಂದೊಂದು' ಅಂತ ಹಾರಿಸಿದರು. ಆಮೇಲೆ ನಾನೇ ಓದಿ ತಿಳಿದುಕೊಂಡಿದ್ದು: ಅಮೆರಿಕದ ಕ್ಲೀವ್‌ಲ್ಯಾಂಡಿನ ವೃದ್ಧಾಶ್ರಮದಲ್ಲಿ 1963ರಿಂದ ಕೆಲಸ ಮಾಡಿದ ನಯೋಮಿ ಫೈಲ್ ಅನ್ನುವವರು ವ್ಯಾಲಿಡೇಷನ್ ಅನ್ನೋ ದಾರಿ ಹಾಕಿಕೊಟ್ಟರು. ಅದರಲ್ಲಿ ತಿದ್ದುವುದೂ ಇಲ್ಲ, ಸುಳ್ಳು ಹೇಳುವುದೂ ಇಲ್ಲ, ಆ ಮಾತಿನ ಹಿಂದಿನ ಸಂಕಟವನ್ನು ಹಿಡಿದು ಮಾತಾಡುವುದು. ಕೋರ್ಸಿನಲ್ಲಿ ಆ ಹೆಸರು ಹೇಳಿದರು, ಆದರೆ ಸುಳ್ಳನ್ನೂ ಅದನ್ನೂ ಕಲಸಿ ಒಂದೇ ಮಾಡಿಬಿಟ್ಟರು. ಈಗ ನಾನು 'ಅಪ್ಪನ ನೆನಪಾತೇನವ್ವಾ?' ಅಂತೇನೆ. 'ಹೂಂ' ಅಂತಾಳೆ. 'ಅವರಿಗೆ ಏನು ಅಡಿಗಿ ಸೇರತಿತ್ತು?' ಅಂದರೆ ಮಾತು ಬದನೆಕಾಯಿಗೋ ಜುಣಕಕ್ಕೋ ಹೋಗುತ್ತದೆ. ಕೆಲವು ದಿನ ಅಳುತ್ತಾಳೆ. ಅತ್ತರೆ ಪಕ್ಕ ಕೂರುತ್ತೇನೆ, ಅಷ್ಟೇ.

ಆಕಳ ವಿಷಯವನ್ನು ಮಾವ್ಶಿ ತಾವೇ ಬಗೆಹರಿಸಿದರು. ಐದೂವರೆಗೆ, ಅವ್ವ ಶುರು ಮಾಡುವ ಮೊದಲೇ, ಲೈಟು ಹಾಕಿ, ಮೊರದಲ್ಲಿ ಬಟಾಣಿ ಕಾಯಿ ಸುರಿದು ಎದುರು ಕೂರುತ್ತಾರೆ. 'ಆಕಳು? ಹೆಸರು?' ಅಂತ ತಮ್ಮ ಕನ್ನಡದಲ್ಲಿ ಕೇಳುತ್ತಾರೆ. ಅವ್ವ 'ಗಂಗಿ' ಅಂತಾಳೆ. ಗಂಗಿ ಎಷ್ಟು ಹಾಲು ಕೊಡುತ್ತಿತ್ತು, ಯಾರಿಗೆ ಹಾಯಲು ಬರುತ್ತಿತ್ತು, ಎಲ್ಲ ಬರುತ್ತದೆ. ಮಾವ್ಶಿಗೆ ಕಾಲು ಪಾಲೂ ತಿಳಿಯುವುದಿಲ್ಲ, ಅವರೂ ತಮ್ಮ ಊರಿನ ಎಮ್ಮೆಯ ಸುದ್ದಿ ಮರಾಠಿಯಲ್ಲಿ ಹೇಳುತ್ತಾರೆ. ಬಟಾಣಿ ಮುಗಿದಿರುತ್ತದೆ, ಸಿಪ್ಪೆಯಲ್ಲಿ ಅರ್ಧ ಕಾಳು, ಕಾಳಿನಲ್ಲಿ ಅರ್ಧ ಸಿಪ್ಪೆ. ನಡುವೆ ಒಮ್ಮೆ ಅವ್ವ 'ನೀ ಯಾರ ಪೈಕಿ?' ಅಂತ ಕೇಳಿಯೇ ಕೇಳುತ್ತಾಳೆ.

ಬೇರೆ ದೂರುಗಳು ಬೇಗ ಹೇಳುತ್ತೇನೆ. ಮನೆಯವರಿಗೆ ಮುಂದಿನ ಸಾಲು, ಮಾವ್ಶಿಯರಿಗೆ ಹಿಂದಿನ ಸಾಲು, ಚಹಾ ಕೂಡ ಹಾಗೇ ಬಂತು. ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವ ಬಗ್ಗೆ ಬರೆದ ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ಹೇಳಿದ್ದು ಅಂತ, ರೋಗಿ ಎದುರಿಗೇ ಇರುವಾಗ ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡಬಾರದು ಅಂತ ಪಾಠ ಮಾಡಿದವರೇ, ಮಾವ್ಶಿಯರು ಕೂತಿರುವಾಗಲೇ 'ಈ ಕ್ಲಾಸಿನವರಿಗೆ ಇಷ್ಟು ಸಾಕು' ಅಂತ ನನ್ನ ಹತ್ತಿರ ಇಂಗ್ಲಿಷಿನಲ್ಲಿ ಹೇಳಿದರು. ರೋಗಿ ಹೊಡೆದರೆ, ಕಚ್ಚಿದರೆ, ಬಳೆ ಕದ್ದಳು ಅಂತ ಆರೋಪ ಹೊರಿಸಿದರೆ ಏನು ಮಾಡಬೇಕು ಅನ್ನುವುದಕ್ಕೆ ಕೊನೆಯ ವಾರ ಇಪ್ಪತ್ತೇ ನಿಮಿಷ. ಈ ಕೆಲಸದಲ್ಲಿ ಕಳ್ಳತನದ ಮಾತು ಕೇಳದ ಮಾವ್ಶಿ ಇದ್ದಾರಾ? ಅವತ್ತು ಹಿಂದಿನ ಸಾಲು ಮೊದಲ ಸಲ ಬಾಯಿ ಬಿಟ್ಟಿತು, ಅಷ್ಟರಲ್ಲಿ ಸರ್ಟಿಫಿಕೇಟು, ಫೋಟೋ. ತಿಂಗಳ ನಂತರ ಫೋನ್ ಮಾಡಿ ವಿಚಾರಿಸುತ್ತೇವೆ ಅಂದಿದ್ದರು, ಮಾಡಲಿಲ್ಲ.

ದುಡ್ಡಿನ ಲೆಕ್ಕವನ್ನೂ ಕೇಳಿ. ಇಬ್ಬರ ಫೀಸು 3,600. ಮಾವ್ಶಿಯ ನಾಲ್ಕು ದಿನದ ಕೂಲಿ ನಾನು ಕೊಟ್ಟೆ, ಕೊಡಲೇಬೇಕು, ತರಬೇತಿ ಅಂತ ಅವರ ಹೊಟ್ಟೆ ಕೇಳುತ್ತದಾ? ಆ ನಾಲ್ಕು ಬೆಳಗ್ಗೆ ಅವ್ವನ ಹತ್ತಿರ ಹೆಂಡತಿ ಇದ್ದಳು. ಇಷ್ಟೆಲ್ಲ ಆದಮೇಲೆ ಬ್ಯೂರೋದಿಂದ ಫೋನ್: ಈ ಮಾವ್ಶಿ ಈಗ ಟ್ರೇನ್ ಆಗಿದ್ದಾರೆ, ಔಂಧ್‌ನಲ್ಲಿ ಒಂದು ಪೇಷಂಟಿದೆ, ಅಲ್ಲಿಗೆ ಕಳಿಸುತ್ತೇವೆ, ನಿಮಗೆ ಬೇರೆಯವರು ಬರುತ್ತಾರೆ. ಇಲ್ಲವಾದರೆ ದಿನಕ್ಕೆ 150 ಜಾಸ್ತಿ. ಜಗಳ ಆಡಿದೆ, ಕೊನೆಗೆ ಜಾಸ್ತಿ ದುಡ್ಡು ನೇರ ಮಾವ್ಶಿಯ ಕೈಗೆ ಹೋಗಬೇಕು ಅಂತ ಬರೆಸಿಕೊಂಡು ಒಪ್ಪಿದೆ. ನೀವು ಹೋಗುವುದಾದರೆ ಫೀಸು ಕಟ್ಟುವ ಮೊದಲೇ ಬ್ಯೂರೋ ಜತೆ ಇದನ್ನು ಮಾತಾಡಿಕೊಳ್ಳಿ. ಒಬ್ಬರೇ ಹೋಗಬೇಡಿ, ಮಾವ್ಶಿಯನ್ನು ಒಬ್ಬರನ್ನೇ ಕಳಿಸಲೂ ಬೇಡಿ. ಮೊದಲ ವಾರ ಬೇಜಾರಾಗುತ್ತದೆ, ಎರಡನೇ ವಾರ ತಪ್ಪಿಸಬೇಡಿ. ಮತ್ತೆ, ಪುಣೆಯಲ್ಲಿ ಇಷ್ಟು ಕನ್ನಡ ಮನೆಗಳಿವೆ, ನಮ್ಮ ಸಂಘದವರು ಯಾರಾದರೂ ಒಂದು ಭಾನುವಾರ ಇಂಥದ್ದನ್ನು ಕನ್ನಡದಲ್ಲಿ ಮಾಡಿಸಿದರೆ ಶಬ್ದಗಳ ಪಟ್ಟಿ ನಾನು ಕೊಡುತ್ತೇನೆ.

ಪಟ್ಟಿ ಈಗ 31 ಶಬ್ದಕ್ಕೆ ಬಂದಿದೆ. ಹೋದ ವಾರ ಮಾವ್ಶಿ ಮಗಳ ಮದುವೆಗೆ ರಜೆ ಹಾಕಿದರು. ಬದಲಿಗೆ ಬಂದ ಹುಡುಗಿ ಒಡಿಶಾದವಳು, ದೇವನಾಗರಿ ಓದಲು ಬರುವುದಿಲ್ಲ. ಫ್ರಿಜ್ ಮುಂದೆ ನಿಂತು ನಾನೂ ಅವಳೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವಳ ಮೊಬೈಲಿನಲ್ಲಿ ಎಲ್ಲವನ್ನೂ ನನ್ನ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟೆ. ಒಳಗಿನ ಕೋಣೆಯಿಂದ ಅವ್ವ, ಒಂದೊಂದು ಶಬ್ದಕ್ಕೂ 'ಹೂಂ, ಹೂಂ' ಅನ್ನುತ್ತಿದ್ದಳು.